ಮಗುವಿನ ಪರವಾಗಿ ಶಾಲೆಯೊಡನೆ ಮಾತು



ಇಂದು ನಾನು ಮಾತನಾಡಲಿರುವುದು ವಿಶೇಷ ಅಗತ್ಯವುಳ್ಳ ಚಿಕ್ಕ ಮಕ್ಕಳ ಪರವಾಗಿ ಶಾಲೆಯಲ್ಲಿ ದನಿ ಎತ್ತುವುದರ ಬಗ್ಗೆ. ಚಿಕ್ಕ ಮಕ್ಕಳು ಎಂದರೆ ಅಂಗನವಾಡಿಯಿಂದ ಸುಮಾರು ನಾಲ್ಕನೇ ತರಗತಿಯವರೆಗಿನವರು. ಈ ವಯಸ್ಸಿನ ಮಗು ತನಗೆ ಕಪ್ಪುಹಲಗೆ ಕಾಣುತ್ತಿಲ್ಲ ಎಂದು ಹೇಳುವುದಿಲ್ಲ. ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದುಕೊಂಡಿರುತ್ತದೆ. ಗದ್ದಲ ತಡೆಯಲಾಗದ ಮಗು ಅದನ್ನು ಮಾತಿನಲ್ಲಿ ತಿಳಿಸಲಾರದೆ ಕಿವಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಎದ್ದು ಓಡುತ್ತದೆ. ಆದ್ದರಿಂದ ಅದರ ಪರವಾಗಿ ದೊಡ್ಡವರೊಬ್ಬರು ಮಾತನಾಡಲೇಬೇಕು.

ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಆರಂಭದಲ್ಲೇ ಇಟ್ಟುಬಿಡುತ್ತೇನೆ. ಕಾನೂನು ಮಗುವಿಗೆ ಹಕ್ಕನ್ನು ಕೊಟ್ಟಿದೆ. ಆದರೆ ಆ ಹಕ್ಕು ವಿಧಾನಸೌಧದ ಕಡತದಿಂದ ಊರಿನ ಶಾಲೆಯ ಕೊಠಡಿಗೆ ತಾನಾಗಿ ನಡೆದು ಬರುವುದಿಲ್ಲ. ಈ ಮಗುವಿಗೆ, ಈ ಕೊಠಡಿಯಲ್ಲಿ, ಈ ವಾರದಿಂದ ಏನು ಏರ್ಪಾಡು ಬೇಕು ಎಂದು ಯಾರಾದರೂ ಸ್ಪಷ್ಟವಾಗಿ, ಬರಹದಲ್ಲಿ, ಮತ್ತೆ ಮತ್ತೆ ಹೇಳಿದಾಗ ಮಾತ್ರ ಅದು ಬಾಗಿಲು ದಾಟುತ್ತದೆ. ಪೋಷಕರ ಕೆಲಸ ಇದೇ. ಶಾಲೆಯವರು ಇದನ್ನು ಕಿರಿಕಿರಿ ಎಂದು ತಿಳಿಯದೆ, ತಮ್ಮ ಕೆಲಸಕ್ಕೆ ಬೇಕಾದ ಮಾಹಿತಿ ಎಂದು ತಿಳಿಯಬೇಕು ಎಂಬುದು ನನ್ನ ಬೇಡಿಕೆ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು ನಮ್ಮ ಕಾಲ ಕೆಳಗಿರುವ ಕಾನೂನಿನ ನೆಲ. ಎರಡನೆಯದು ಮಗುವನ್ನು ಅರಿಯುವುದು, ಅರಿತದ್ದನ್ನು ಕಾಗದಕ್ಕೆ ಇಳಿಸುವುದು. ಮೂರನೆಯದು ತರಗತಿಯೊಳಗೆ ಏನನ್ನು ಕೇಳಬೇಕು ಎಂಬುದು. ನಾಲ್ಕನೆಯದು ಶಾಲೆ ಒಪ್ಪದಿದ್ದಾಗ ಹಿಡಿಯಬೇಕಾದ ದಾರಿ.

ಒಂದು: ಕಾನೂನಿನ ನೆಲ

2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ 21ಎ ವಿಧಿ ಸೇರಿತು. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಕಾರ್ಯರೂಪಕ್ಕೆ ತರುವ ಶಿಕ್ಷಣ ಹಕ್ಕು ಕಾಯ್ದೆ 2009ರದು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 2012ರ ತಿದ್ದುಪಡಿ ಅಂಗವೈಕಲ್ಯವಿರುವ ಮಕ್ಕಳನ್ನು ಆ ಕಾಯ್ದೆಯ ಅವಕಾಶವಂಚಿತ ಗುಂಪಿನೊಳಗೆ ಸ್ಪಷ್ಟವಾಗಿ ಸೇರಿಸಿತು. ತೀವ್ರ ಸ್ವರೂಪದ ವೈಕಲ್ಯವಿರುವ ಮಕ್ಕಳು ಬಯಸಿದರೆ ಮನೆಯಲ್ಲೇ ಶಿಕ್ಷಣ ಪಡೆಯುವ ಅವಕಾಶವನ್ನೂ ಕೊಟ್ಟಿತು.

ಇದೇ ಕಾಯ್ದೆಯ 13ನೇ ಕಲಂ ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಮೊದಲ ಸಲ ಉಲ್ಲಂಘಿಸಿದರೆ 25,000 ರೂಪಾಯಿವರೆಗೆ, ಮುಂದಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ‘ಒಂದು ಗಂಟೆ ಮಗುವನ್ನು ನಮ್ಮಲ್ಲಿ ಬಿಡಿ, ನೋಡಿ ಹೇಳುತ್ತೇವೆ’ ಎಂಬ ಮಾತನ್ನು ಅನೇಕ ಪೋಷಕರು ಕೇಳಿದ್ದೀರಿ. ಮಗುವಿಗೆ ಹೇಗೆ ಕಲಿಸಬೇಕೆಂದು ತಿಳಿಯಲು, ಸೇರಿಸಿಕೊಂಡ ಮೇಲೆ ನೋಡುವುದು ಸರಿಯೇ. ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ನೋಡುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೇರೆ ಮಕ್ಕಳ ಎದುರಿಗೆ ‘ಇವನಿಗೆ ತಲೆಗೆ ಹತ್ತೋದಿಲ್ಲ’ ಎನ್ನುವುದು ಮಗುವಿಗೆ ಮಾಡುವ ಗಾಯ. ಹೇಳಿದವರು ಮರೆತರೂ ಕೇಳಿಸಿಕೊಂಡ ಮಗು ಮರೆಯುವುದಿಲ್ಲ.

ಎರಡನೆಯ ಕಾನೂನು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆಗಳು ಪಟ್ಟಿಗೆ ಬಂದದ್ದು ಇದರಿಂದ. ಪೋಷಕರು ನೆನಪಿಟ್ಟುಕೊಳ್ಳಬೇಕಾದದ್ದು ಇದರ 16ನೇ ಕಲಂ. ಸರ್ಕಾರಿ ಶಾಲೆಗಳಿಗಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಇದು ಅನ್ವಯ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಉಳಿದವರಂತೆಯೇ ಆಟ ಮತ್ತು ಮನರಂಜನೆಯ ಅವಕಾಶ ಕೊಡುವುದು, ಕಟ್ಟಡವನ್ನು ಬಳಸುವಂತಿರಿಸುವುದು, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡುವುದು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಬೋಧನೆಯಲ್ಲಿ ಕ್ರಮ ಕೈಗೊಳ್ಳುವುದು, ಮಗುವಿನ ಪ್ರಗತಿಯನ್ನು ಗಮನಿಸುತ್ತ ಹೋಗುವುದು, ಇವೆಲ್ಲ ಆ ಕಲಮಿನಲ್ಲಿವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಶೇಕಡಾ 40ರಷ್ಟು ವೈಕಲ್ಯವಿರಬೇಕೆಂಬ ಮಿತಿ ಕೆಲವು ಸೌಲಭ್ಯಗಳಿಗೆ ಇದೆ. 31ನೇ ಕಲಂ ಹೇಳುವ ಆರರಿಂದ ಹದಿನೆಂಟು ವರ್ಷದವರೆಗಿನ ಉಚಿತ ಶಿಕ್ಷಣ ಅಂಥದ್ದು. 16ನೇ ಕಲಮಿನಲ್ಲಿ ಆ ಮಿತಿ ಇಲ್ಲ. ಶೇಕಡಾ 30 ಎಂದು ಬರೆದುಕೊಟ್ಟ ಮಗುವಿಗೂ ಮುಂದಿನ ಬೆಂಚು ಬೇಕು, ಹೆಚ್ಚಿನ ಸಮಯ ಬೇಕು. ಅದನ್ನು ಕೇಳುವ ಅಧಿಕಾರ ಅದರ ಪೋಷಕರಿಗಿದೆ.

ವಿಶೇಷ ಶಾಲೆಗಳ ಬಗ್ಗೆಯೂ ಒಂದು ಮಾತು. 31ನೇ ಕಲಂ ನೆರೆಯ ಶಾಲೆ ಅಥವಾ ವಿಶೇಷ ಶಾಲೆ ಎಂಬ ಆಯ್ಕೆಯನ್ನು ಮಗುವಿನ ಕಡೆಗೆ ಬಿಟ್ಟಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವನ್ನೂ ಬದುಕನ್ನೂ ಕಲಿಸಿದ್ದನ್ನು ಕಂಡ ನಾಡು ನಮ್ಮದು. ಸಂಜ್ಞಾಭಾಷೆಯ ವಾತಾವರಣ ಬೇಕಾದ ಮಗುವಿಗೆ ವಿಶೇಷ ಶಾಲೆಯೇ ಒಳ್ಳೆಯದೆಂದು ತಂದೆತಾಯಿಗೆ ಅನಿಸಬಹುದು. ಆಯ್ಕೆ ಅವರದು. ಆ ಆಯ್ಕೆಯನ್ನು ಊರಿನ ಶಾಲೆ ತನ್ನ ಅನುಕೂಲಕ್ಕಾಗಿ ಅವರ ಮೇಲೆ ಹೇರುವಂತಿಲ್ಲ.

ಎರಡು: ಮಗುವನ್ನು ಅರಿಯುವುದು, ಬರೆದಿಡುವುದು

ಕಾನೂನಿನಿಂದ ಈಗ ಮಗುವಿನ ಕಡೆಗೆ ಬರೋಣ. ಮಗುವಿನ ತೊಂದರೆಯನ್ನು ಬೇಗ ಗುರುತಿಸುವುದಕ್ಕೆ ವ್ಯವಸ್ಥೆಯೊಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸಬೇಕು. ತಂಡ ಬರುವ ದಿನ ತಾಯಿಯೋ ಅಜ್ಜಿಯೋ ಅಂಗನವಾಡಿಯಲ್ಲಿ ಇದ್ದರೆ ಎಷ್ಟೋ ವಿಷಯ ತಿಳಿಯುತ್ತದೆ. ಕೆಲವೇ ನಿಮಿಷ ನೋಡುವ ವೈದ್ಯರಿಗೆ ಕಾಣದ್ದು ದಿನವಿಡೀ ಜೊತೆಗಿರುವವರಿಗೆ ಕಂಡಿರುತ್ತದೆ.

ಕಿವಿ ಮತ್ತು ಮಾತಿನ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಮನಸ್ಸು ಮತ್ತು ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಓದುವ ತೊಂದರೆಯನ್ನು ಮಗುವಿನ ಭಾಷೆಯಲ್ಲೇ ಅಳೆಯುವ ಡಾಲಿ ಎಂಬ ಪರೀಕ್ಷಾ ಸಾಧನವನ್ನು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದಾಗ ಅದರಲ್ಲಿ ಕನ್ನಡವೂ ಇತ್ತು. ಇದು ಸಣ್ಣ ವಿಷಯವಲ್ಲ. ಕನ್ನಡದಲ್ಲಿ ಓದುವ ಮಗು ಎಡವುವುದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ, ಬ ಮತ್ತು ಭ, ದ ಮತ್ತು ಧ ಇವುಗಳ ನಡುವಿನ ಸಣ್ಣ ಗೆರೆಯಲ್ಲಿ. ಅದನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆದರೆ ಮಗುವಿನ ತೊಂದರೆಯೂ ತಿಳಿಯದು, ಸಾಮರ್ಥ್ಯವೂ ತಿಳಿಯದು.

ವೈಕಲ್ಯದ ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ಈಗ ದೇಶದಾದ್ಯಂತ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡು ನಡೆಯುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯು ಎಂದು ಕರೆಯುವವರು, ಅರ್ಜಿ ಹಾಕಲು ನೆರವಾಗುತ್ತಾರೆ. ಕಾರ್ಡು ಮಾಡಿಸಿ. ಆದರೆ ಕಾರ್ಡು ಬರಲಿ ಎಂದು ಕಲಿಕೆಯ ನೆರವನ್ನು ಮುಂದೂಡಬೇಡಿ, ಮುಂದೂಡಲು ಬಿಡಬೇಡಿ. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಎಂಟು ವರ್ಷ ತುಂಬಿರಬೇಕು ಎಂದಿತು. ಹಾಗೆಂದು ಒಂದನೇ ತರಗತಿಯಲ್ಲಿ ಅಕ್ಷರಗಳೊಡನೆ ಒದ್ದಾಡುವ ಮಗುವನ್ನು ಮೂರನೇ ತರಗತಿಯವರೆಗೆ ಕಾಯಿಸಬೇಕೆ? ಆದಷ್ಟು ಬೇಗ ಗುರುತಿಸಿ ಎಂದು 16ನೇ ಕಲಂ ಹೇಳುವಾಗ ಅದು ಶಾಲೆಯನ್ನು ಉದ್ದೇಶಿಸಿ ಹೇಳುತ್ತಿದೆ. ಮೂರು ಸಾಲಿನ ಬದಲು ಒಂದು ಸಾಲು ಬರೆಸುವುದಕ್ಕೆ ಯಾವ ವೈದ್ಯಕೀಯ ಮಂಡಳಿಯ ಮುದ್ರೆಯೂ ಬೇಕಾಗಿಲ್ಲ.

ಇನ್ನು ಬರೆದಿಡುವ ಮಾತು. ಪ್ರತಿ ಪೋಷಕರೂ ಶಾಲೆ ಶುರುವಾಗುವ ಮುನ್ನ ಮಗುವಿನ ಬಗ್ಗೆ ಒಂದು ಪುಟ ಬರೆದು ಶಿಕ್ಷಕರ ಕೈಗೆ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಬರೆಯಲು ಬಾರದವರಿಗೆ ಅಂಗನವಾಡಿ ಕಾರ್ಯಕರ್ತೆಯೋ ಪಕ್ಕದ ಮನೆಯ ಕಾಲೇಜು ಹುಡುಗಿಯೋ ಬರೆದುಕೊಡಲಿ. ಆ ಪುಟದಲ್ಲಿ ಮೊದಲು ಮಗುವಿಗೆ ಏನು ಬರುತ್ತದೆ, ಏನು ಇಷ್ಟ ಎಂಬುದಿರಲಿ: ಹಾಡು ಕೇಳಿದರೆ ಸುಮ್ಮನಾಗುತ್ತಾಳೆ, ಬಣ್ಣಗಳನ್ನು ಬೇರ್ಪಡಿಸುತ್ತಾಳೆ, ದನಕರುಗಳ ಹೆಸರೆಲ್ಲ ಗೊತ್ತು. ಅನಂತರ ಯಾವುದು ಕಷ್ಟ, ಯಾವುದರಿಂದ ಆ ಕಷ್ಟ ಕಡಿಮೆಯಾಗುತ್ತದೆ. ಶೌಚಕ್ಕೆ ಹೋಗಬೇಕೆಂದರೆ ಹೇಗೆ ತಿಳಿಸುತ್ತಾಳೆ. ಯಾವ ಔಷಧಿ, ಯಾವ ಹೊತ್ತಿಗೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ವೈದ್ಯರ ವರದಿ ಮಗುವಿನ ತೊಂದರೆಯ ಹೆಸರನ್ನು ಹೇಳುತ್ತದೆ. ಈ ಪುಟ ಮಗುವನ್ನೇ ಪರಿಚಯಿಸುತ್ತದೆ. ಸೋಮವಾರ ಬೆಳಿಗ್ಗೆ ಶಿಕ್ಷಕಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯದು.

ಮೂರು: ತರಗತಿಯೊಳಗೆ

ಇದು ನನ್ನ ಮಾತಿನ ಮುಖ್ಯ ಭಾಗ. ಶಿಕ್ಷಕರ ಕಷ್ಟವನ್ನು ಮೊದಲು ಒಪ್ಪಿಕೊಂಡು ಮುಂದುವರಿಯುತ್ತೇನೆ. ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸುವವರು, ಬಿಸಿಯೂಟದ ಲೆಕ್ಕ ಬರೆಯುವವರು, ಗಣತಿಗೂ ಚುನಾವಣೆಗೂ ಹೋಗುವವರು ಅವರೇ. ಅಂಥವರ ಬಳಿ ‘ನನ್ನ ಮಗುವಿನ ಕಡೆ ಸ್ವಲ್ಪ ಗಮನ ಕೊಡಿ’ ಎಂದರೆ ಅವರು ‘ಆಗಲಮ್ಮ’ ಎನ್ನುತ್ತಾರೆ. ಮನಃಪೂರ್ವಕವಾಗಿಯೇ ಎನ್ನುತ್ತಾರೆ. ಏನು ಮಾಡಬೇಕೆಂದು ಮಾತ್ರ ಅವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಕೇಳಿಕೆ ಚಿಕ್ಕದಾಗಿರಲಿ, ನಿರ್ದಿಷ್ಟವಾಗಿರಲಿ.

ಕೆಲವು ಉದಾಹರಣೆ ಕೊಡುತ್ತೇನೆ. ಶ್ರವಣಯಂತ್ರ ಹಾಕಿದ ಮಗುವಿಗೆ: ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಿ, ಹಲಗೆಗೆ ಮುಖ ಮಾಡಿ ಮಾತನಾಡಬೇಡಿ, ಅವನು ನಿಮ್ಮ ತುಟಿಗಳನ್ನೂ ನೋಡುತ್ತಾನೆ. ಮಂದದೃಷ್ಟಿಯ ಮಗುವಿಗೆ: ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಜಾಗ, ಕಪ್ಪು ಗೆರೆಯ ದೊಡ್ಡ ಚೌಕದ ಪುಸ್ತಕ, ಹಲಗೆಯ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ: ಕಾಲು ನೆಲಕ್ಕೆ ತಾಗುವಂಥ, ಕೈಯಿರುವ ಕುರ್ಚಿ, ದಪ್ಪ ಹಿಡಿಯ ಪೆನ್ಸಿಲ್, ಊಟಕ್ಕೆ ಹೆಚ್ಚು ಹೊತ್ತು. ಆಟಿಸಂ ಇರುವ ಮಗುವಿಗೆ: ದಿನದ ಕ್ರಮವನ್ನು ಚಿತ್ರಗಳಲ್ಲಿ ತೋರಿಸುವುದು, ಪಾಠ ಬದಲಾಗುವ ಮುಂಚೆ ತಿಳಿಸುವುದು, ಬಿಸಿಯೂಟದ ತಟ್ಟೆಗಳ ಸದ್ದಿನಿಂದ ದೂರ, ಒಬ್ಬ ಗೆಳೆಯನ ಜೊತೆ ಊಟಕ್ಕೆ ಕೂರಿಸುವುದು. ಇವುಗಳಲ್ಲಿ ಬಹುಪಾಲಿಗೆ ಹಣ ಬೇಕಿಲ್ಲ. ಬೇಕಾಗಿರುವುದು ಯಾವ ಮಗುವಿಗೆ ಯಾವುದು ಎಂಬ ತಿಳಿವಳಿಕೆ.

ನಮ್ಮ ಶಿಕ್ಷಕರಿಗೆ ಇದು ಪೂರ್ತಿ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿಕಲಿಯನ್ನು ನೆನಪಿಸಿಕೊಳ್ಳಿ. ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದ ಆ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಲ್ಲಿರುತ್ತದೆ, ತನ್ನ ಕಾರ್ಡು ತೆಗೆದುಕೊಂಡು ತನ್ನ ವೇಗದಲ್ಲಿ ಮೈಲಿಗಲ್ಲು ದಾಟುತ್ತದೆ. ಒಂದು ವಾರ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ. ಅಲ್ಲಿ ಮಕ್ಕಳು ಕೂರುವ ಗುಂಪುಗಳಾದರೂ ಎಂಥವು? ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಸಂಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಸ್ವಕಲಿಕೆ. ಯಾರಿಗೆ ಎಷ್ಟು ಸಹಾಯ ಬೇಕೋ ಅಷ್ಟು, ಬೇಡವಾದಾಗ ಕಡಿಮೆ ಮಾಡುತ್ತ ಹೋಗುವುದು: ವಿಶೇಷ ಶಿಕ್ಷಣದ ಮೂಲ ತತ್ವವೇ ಇದು. ಅದು ನಮ್ಮ ಹಳ್ಳಿ ಶಾಲೆಯ ಗೋಡೆಯ ಮೇಲೆ ಬಹಳ ಕಾಲದಿಂದ ತೂಗುತ್ತಿದೆ. ಎಲ್ಲ ಮಕ್ಕಳಿಗೂ ಒಂದೇ ವೇಗ ಬೇಡವೆಂದು ಒಪ್ಪಿಕೊಂಡ ಶಿಕ್ಷಕರು ಡೌನ್ ಸಿಂಡ್ರೋಮ್ ಇರುವ ಮಗುವಿಗೂ ಒಂದು ಮೆಟ್ಟಿಲು ಗುರುತಿಸಬಲ್ಲರು. ಪೋಷಕರು ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಮೇಡಂ, ಈಗ ಇವಳು ಯಾವ ಮೈಲಿಗಲ್ಲಿನಲ್ಲಿದ್ದಾಳೆ? ಮುಂದಿನದಕ್ಕೆ ಹೋಗಲು ಮನೆಯಲ್ಲಿ ನಾವೇನು ಮಾಡಬೇಕು?’

ಇದರ ಮುಂದಿನ ಹೆಜ್ಜೆ ವೈಯಕ್ತಿಕ ಶಿಕ್ಷಣ ಯೋಜನೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಬ್ಲಾಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ. ಅವರು, ತರಗತಿ ಶಿಕ್ಷಕರು, ಪೋಷಕರು ಒಟ್ಟಿಗೆ ಕೂತು ಮೂರು ನಾಲ್ಕು ಗುರಿಗಳನ್ನು ಬರೆದುಕೊಳ್ಳಬೇಕು. ‘ಗಣಿತದಲ್ಲಿ ಸುಧಾರಿಸಬೇಕು’ ಎಂಬುದು ಗುರಿಯಾಗುವುದಿಲ್ಲ. ‘ದಸರಾ ರಜೆಯೊಳಗೆ ಹತ್ತು ಬೀಜಗಳನ್ನು ಎಣಿಸಿ ಕೊಡುತ್ತಾನೆ’ ಎಂಬುದು ಗುರಿ. ಯಾರು ಕಲಿಸುತ್ತಾರೆ, ಯಾವಾಗ ಮತ್ತೆ ನೋಡುತ್ತೇವೆ ಎಂಬುದೂ ಪಕ್ಕದಲ್ಲಿರಲಿ. ಸಾಧನ ಸಲಕರಣೆ, ಕರೆದೊಯ್ಯುವ ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ, ಇವೆಲ್ಲ ಸಮಗ್ರ ಶಿಕ್ಷಣ ಯೋಜನೆಯಲ್ಲಿವೆ. ಕೇಳಿದವರಿಗೆ ತಲುಪುತ್ತವೆ, ಕೇಳದವರ ಹೆಸರು ಪಟ್ಟಿಯಿಂದ ಹೊರಗುಳಿಯುವುದುಂಟು.

ವಿಶೇಷ ಶಿಕ್ಷಕರ ಸಂಖ್ಯೆ ಸಾಲದು ಎಂಬುದು ನಿಜ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿತು. ಮರುವರ್ಷ ಕೇಂದ್ರ ಸರ್ಕಾರ ಒಂದರಿಂದ ಐದನೇ ತರಗತಿವರೆಗೆ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಅಧಿಸೂಚನೆ ಹೊರಡಿಸಿತು. ಈ ಪ್ರಮಾಣ ನಮ್ಮ ತಾಲ್ಲೂಕುಗಳಲ್ಲಿ ಕಾಣಬೇಕಾದರೆ ಪೋಷಕರೂ ಶಿಕ್ಷಕರ ಸಂಘಗಳೂ ಒಂದೇ ದನಿಯಲ್ಲಿ ಕೇಳಬೇಕು. ಇದು ಇಬ್ಬರಿಗೂ ಬೇಕಾದದ್ದು.

ನಾಲ್ಕು: ಇಲ್ಲವೆಂದಾಗ

ಇನ್ನು ಕೊನೆಯ ಭಾಗ. ಎಲ್ಲ ಸೌಜನ್ಯದಿಂದ ಕೇಳಿದ ಮೇಲೂ ಕೆಲವೊಮ್ಮೆ ಶಾಲೆ ಒಪ್ಪುವುದಿಲ್ಲ. ‘ನಮ್ಮಲ್ಲಿ ಸೌಲಭ್ಯ ಇಲ್ಲ’, ‘ಬೇರೆ ಮಕ್ಕಳ ಪೋಷಕರು ಆಕ್ಷೇಪಿಸುತ್ತಾರೆ’, ‘ಅರ್ಧ ದಿನ ಕಳಿಸಿ ಸಾಕು’ ಎನ್ನುತ್ತದೆ. ಆಗ ಅಳುತ್ತ ಹೊರಬರುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ನಾನು ಹೇಳುವುದು: ಮಾತು ಮುಗಿದ ಕಡೆ ಬರಹ ಶುರುವಾಗಲಿ.

ಮೊದಲು ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ. ಮಗುವಿನ ಹೆಸರು, ತರಗತಿ, ಏನು ಕೇಳಿದೆವು, ಯಾವ ದಿನ ಏನು ಉತ್ತರ ಬಂತು, ಈಗ ಏನು ಬೇಕು. ದೂಷಣೆಯ ಒಂದು ಪದವೂ ಬೇಡ. 16ನೇ ಕಲಮಿನ ಉಲ್ಲೇಖವಿರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಸರ್ಕಾರಿ ಶಾಲೆಯಾದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ವಿಷಯವಿಟ್ಟು ನಡವಳಿಯಲ್ಲಿ ಬರೆಸಿ. ಅಲ್ಲಿ ಪೋಷಕರದೇ ಬಹುಮತ. ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿ, ಅನಂತರ ಜಿಲ್ಲೆಯ ಉಪನಿರ್ದೇಶಕರು. ಖಾಸಗಿ ಶಾಲೆಗಳ ಮಾನ್ಯತೆಯೂ ಇದೇ ಇಲಾಖೆಯ ಕೈಯಲ್ಲಿದೆ ಎಂಬುದನ್ನು ಮರೆಯಬೇಡಿ.

ಅಲ್ಲೂ ಪರಿಹಾರ ಸಿಗದಿದ್ದರೆ ಎರಡು ಬಾಗಿಲುಗಳಿವೆ. ಒಂದು, 2016ರ ಕಾಯ್ದೆಯಡಿ ನೇಮಕಗೊಂಡ ರಾಜ್ಯ ಆಯುಕ್ತರದು. ವಿಚಾರಣೆಗೆ ಕರೆಯಲು, ದಾಖಲೆ ತರಿಸಿಕೊಳ್ಳಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಇನ್ನೊಂದು, ಶಿಕ್ಷಣ ಹಕ್ಕಿನ ಮೇಲೆ ಕಣ್ಣಿಡುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ್ದು. ಮಗುವಿಗೆ ಹೊಡೆತ ಬಿದ್ದರೆ, ಕೂಡಿಹಾಕಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ದೂರು ಕೊಟ್ಟರೆ ಮಗುವಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೇನೋ ಎಂಬ ಭಯವಿರುತ್ತದೆ. ಅದು ಸುಳ್ಳು ಭಯವಲ್ಲ. ಒಂಟಿಯಾಗಿ ಹೋಗಬೇಡಿ ಎನ್ನುವುದು ಅದಕ್ಕಾಗಿಯೇ. ತಾಲ್ಲೂಕಿನಲ್ಲಿ ನಿಮ್ಮಂಥ ನಾಲ್ಕು ಕುಟುಂಬಗಳಿದ್ದೇ ಇರುತ್ತವೆ. ನಾಲ್ವರು ಸೇರಿ ರ್‍ಯಾಂಪು ಕೇಳಿದರೆ ಅದು ಶಾಲೆಯ ಬೇಡಿಕೆಯಾಗುತ್ತದೆ. ಶಾಲೆ ಮತಗಟ್ಟೆಯಾದಾಗ ಮಂಡಿನೋವಿನ ಅಜ್ಜಿಯೂ ಮುಂದಿನ ಚುನಾವಣೆಯಲ್ಲಿ ಅದೇ ರ್‍ಯಾಂಪು ಹತ್ತಿ ಮತ ಹಾಕುತ್ತಾರೆ. ಹಾಗೆಯೇ ಶಿಕ್ಷಕರು ಒಳ್ಳೆಯದು ಮಾಡಿದಾಗ ಅದನ್ನೂ ಬರಹದಲ್ಲಿ ತಿಳಿಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸಿ. ಮೆಚ್ಚುಗೆಯ ಪತ್ರ ಇಲಾಖೆಗೆ ಬರುವುದು ಅಪರೂಪ. ಬಂದದ್ದು ಆ ಶಿಕ್ಷಕರಿಗೂ ಮುಂದೆ ಬರುವ ಮಕ್ಕಳಿಗೂ ಬಲ ಕೊಡುತ್ತದೆ.

ಮಾತು ಮುಗಿಸುವ ಮುನ್ನ ಮಗುವಿನ ದನಿಯ ಬಗ್ಗೆ ಹೇಳಬೇಕು. ನಾವು ಮಗುವಿನ ಪರವಾಗಿ ಮಾತನಾಡುವುದು ಅದು ತಾನೇ ಮಾತನಾಡುವ ದಿನದವರೆಗೆ. ಆ ದಿನಕ್ಕೆ ತಯಾರಿ ಈಗಲೇ ಆಗಬೇಕು. ಐದು ವರ್ಷದ ಮಗುವಿಗೂ ‘ಎಲ್ಲಿ ಕೂರುತ್ತೀಯ, ಯಾರ ಜೊತೆ ಕೂರುತ್ತೀಯ’ ಎಂದು ಕೇಳಬಹುದು. ಮಾತು ಬಾರದ ಮಗುವಿನ ಮುಂದೆ ಎರಡು ಚಿತ್ರ ಹಿಡಿದು ಬೆರಳು ತೋರಿಸಲು ಬಿಡಬಹುದು. ‘ನಿಧಾನ ಹೇಳಿ ಮಿಸ್’, ‘ಇನ್ನೊಂದ್ಸಲ ತೋರಿಸಿ’ ಎಂಬ ಎರಡು ವಾಕ್ಯಗಳನ್ನು ಮನೆಯಲ್ಲಿ ಆಡಿಸಿ ಅಭ್ಯಾಸ ಮಾಡಿಸಬಹುದು. ವೈಯಕ್ತಿಕ ಶಿಕ್ಷಣ ಯೋಜನೆಯ ಸಭೆಯಲ್ಲಿ ಮಗುವೂ ಐದು ನಿಮಿಷ ಕೂತಿರಲಿ. ತನ್ನ ಬಗ್ಗೆ ದೊಡ್ಡವರು ಗೌರವದಿಂದ ಮಾತನಾಡುವುದನ್ನು ಅದು ಕೇಳಲಿ.

ಈ ಸಭೆಯಲ್ಲಿ ಮೂರು ಬಗೆಯ ಶ್ರೋತೃಗಳಿದ್ದೀರಿ. ಮೂವರಿಗೂ ಒಂದೊಂದು ವಿನಂತಿ. ತಂದೆತಾಯಿಗಳೇ, ಈ ಭಾನುವಾರ ಕೂತು ಮಗುವಿನ ಬಗ್ಗೆ ಆ ಒಂದು ಪುಟ ಬರೆಯಿರಿ. ಅಧ್ಯಾಪಕರೇ, ನಿಮ್ಮ ಶಾಲೆಯ ಅಂಥ ಒಂದು ಮಗುವಿಗೆ ಯಾವ ಏರ್ಪಾಡು ನಾಳೆಯಿಂದಲೇ ಸಾಧ್ಯ ಎಂದು ಯೋಚಿಸಿ, ಅದನ್ನು ಮಾಡಿ, ಮನೆಯವರಿಗೆ ತಿಳಿಸಿ. ನಾಳೆ ಶಿಕ್ಷಕರಾಗಲಿರುವ ಬಿ.ಎಡ್. ವಿದ್ಯಾರ್ಥಿ ಮಿತ್ರರೇ, ಮೊದಲ ದಿನ ತರಗತಿಗೆ ಹೋದಾಗ ‘ಈ ಕೊಠಡಿಯಲ್ಲಿ ಯಾರಿಗೆ ನನ್ನ ಪಾಠ ತಲುಪುತ್ತಿಲ್ಲ’ ಎಂದು ಕೇಳಿಕೊಳ್ಳಿ. ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ ವಿದ್ಯೆ ಹೆಚ್ಚು ಜನರಿಗೆ ತಲುಪಲಿ ಎಂಬುದಾದರೆ, ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಮಗು ಅದರ ಮೊದಲ ಹಕ್ಕುದಾರ.